ಬೇರೆಯವರ ಹೊಲದಲ್ಲಿ ಚೆಲ್ಲಿದ ಚರಗ

ಮಹದೇವಪುರದ ಆಚೆ ಕೆರೆಯ ಪಕ್ಕಕ್ಕೆ ಒಂದು ಪಾರ್ಕಿದೆ. ಬೆಳಿಗ್ಗೆ ವಾಕಿಂಗಿಗೆ ಬಂದವರು ಅಲ್ಲಿಯ ಹುಣಸೆ ಮರಗಳ ಕೆಳಗೆ ನಿಂತು, "ಬಿಲ್ಡರ್ ಒಳ್ಳೇವ್ನು ಕಣ್ರೀ, ಇಷ್ಟ್ ದೊಡ್ಡ ಮರಗಳ್ನ ಹಂಗೇ ಬಿಟ್ಟಿದಾನೆ" ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಒಳ್ಳೆಯವನಂತೆ! ಆ ಮರಗಳನ್ನು ಉಳಿಸಿದವಳು ಒಬ್ಬ ಹೆಂಗಸು. ಆಕೆ ಕೊನೆಯವರೆಗೂ ಅದನ್ನು ತೋಪು ಎಂದೇ ಅನ್ನುತ್ತಿದ್ದಳು. ಈಗ ಆಕೆ ಇಲ್ಲ. ಇದ್ದಾಗಲೂ ಯಾರೂ ಆಕೆಯನ್ನು ಕರೆದು ಹಾರ ಹಾಕಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದಷ್ಟನ್ನು ನಾನೇ ಹೇಳಬೇಕು.

ನಾನು ಗದಗಿನ ಕಡೆಯವಳು. ಮದುವೆಯಾಗಿ ವಿಮಾನಪುರಕ್ಕೆ ಬಂದೆ. ಗಂಡನಿಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಓಣಿಯಲ್ಲಿ ಗದಗ, ಬಿಜಾಪುರ, ಬಾಗಲಕೋಟೆ ಕಡೆಯ ಸಂಸಾರಗಳು ಸಾಕಷ್ಟಿದ್ದವು. ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಗಂಡಸರೆಲ್ಲ ಒಳಗೆ, ಹೆಂಗಸರೆಲ್ಲ ಬಾಗಿಲಲ್ಲಿ. ಊರಿನ ಒಂದೊಂದನ್ನೇ ಮರೆಯುತ್ತ ಬಂದರೂ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ನನಗೆ ಎದೆ ಹಿಂಡುತ್ತಿತ್ತು.

ನಮ್ಮ ಕಡೆ ಎಳ್ಳಮಾಸಿಯ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಎಲ್ಲರೂ ಹೊಲಕ್ಕೆ. ಬೆಳೆ ಹೊತ್ತ ಭೂಮಿಯೆಂದರೆ ನಮಗೆ ಬಸುರಿ ಹೆಣ್ಣುಮಗಳ ಹಾಗೆ. ಮೊದಲು ಆಕೆಗೆ ಬಡಿಸಿ ಆಮೇಲೆ ನಾವು ಉಣ್ಣಬೇಕು. ಐದು ಕಲ್ಲು ಹುಡುಕಿ ಪಾಂಡವರೆಂದು ಇಟ್ಟು, ಸುಣ್ಣ ಕುಂಕುಮ ಹಚ್ಚಿ, ಕಡುಬು, ರೊಟ್ಟಿ, ಅನ್ನ ಎಲ್ಲ ಕಲೆಸಿ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಮರದ ನೆರಳಿನಲ್ಲಿ ಕೂತು ಹೊಟ್ಟೆ ಬಿರಿಯುವಷ್ಟು ಊಟ, ಹರಟೆ, ಹುಡುಗಿಯರ ಓಟ. ವರ್ಷವಿಡೀ ಒಲೆಯ ಮುಂದೆ ಕೂತ ಹೆಂಗಸಿಗೆ ಅದೊಂದು ದಿನ ಆಕಾಶ ಕಾಣುತ್ತಿತ್ತು.

ವಿಮಾನಪುರದಲ್ಲಿ ಹೊಲವೆಲ್ಲಿಂದ ಬರಬೇಕು? ಗಂಡನಿಗೆ ಹೇಳಿದರೆ, "ಮಾಳಿಗಿ ಗಚ್ಚಿನ ಮ್ಯಾಲ ಚೆಲ್ಲು, ಕಾಗಿ ತಿಂತಾವ" ಎಂದ. ಆ ಮಾತಿಗೆ ನಾನು ಎರಡು ದಿನ ಆತನ ಜೊತೆ ಮಾತಾಡಲಿಲ್ಲ.

ದಾರಿ ತೋರಿಸಿದವಳು ಪಕ್ಕದ ಮನೆಯ ಬಿಜಾಪುರದ ಗೆಳತಿ. "ಅಲ್ಲವ್ವಾ, ನಮಗ ಹೊಲ ಇಲ್ಲಂದ್ರ ಹೊಲ ಇದ್ದಲ್ಲಿ ಹೋದರಾತು. ಭೂಮಿತಾಯಿ ಏನು ಪಹಣಿ ನೋಡಿ ಉಣ್ತಾಳೇನು?" ಎಂದಳು. ಆಕೆಯ ಮಾತು ನನಗೆ ನೂರಕ್ಕೆ ನೂರು ಸರಿ ಅನ್ನಿಸಿತು. ಓಣಿಯ ನಾಲ್ಕಾರು ಹೆಂಗಸರು ಸೇರಿ ಬುತ್ತಿ ಕಟ್ಟಿಕೊಂಡು, ಬಸ್ಸು ಹಿಡಿದು ಮಹದೇವಪುರದ ಹತ್ತಿರ ಇಳಿದು, ಕೆರೆ ಏರಿಯ ಮೇಲೆ ನಡೆದೆವು. ಆಗ ಆ ಕಡೆ ಬರೀ ಹೊಲ. ರಾಗಿ ಕೊಯ್ಲು ಮುಗಿದು ಕೂಳೆ ನಿಂತಿತ್ತು, ನಡುನಡುವೆ ಅವರೆ ಸಾಲು ಹೂವು ಕಾಯಿ ಎರಡನ್ನೂ ಹೊತ್ತು ನಿಂತಿತ್ತು. ಸೊಗಡಿನ ವಾಸನೆ ಏರಿಯವರೆಗೂ ಬರುತ್ತಿತ್ತು. ಯಾರ ಹೊಲ, ಏನು ಎಂದು ಕೇಳುವ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಊರಲ್ಲಿ ಯಾರ ಹೊಲದಲ್ಲಿ ಚರಗ ಚೆಲ್ಲಿದರೂ ಅವರು ಕೈ ಮುಗಿಯುತ್ತಿದ್ದರಲ್ಲ.

ಕಲ್ಲಿಟ್ಟೆವು, ಕುಂಕುಮ ಹಚ್ಚಿದೆವು. ನಾನು ಸೆರಗು ಸಿಕ್ಕಿಸಿ ಗಟ್ಟಿಯಾಗಿ ಕೂಗಿ ಮೊದಲ ಹಿಡಿ ಚೆಲ್ಲಿದ್ದೇ ತಡ, ಅವರೆ ಸಾಲಿನ ಹಿಂದಿನಿಂದ ಒಬ್ಬಳು ಎದ್ದು ನಿಂತಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಮಡಿಲ ತುಂಬ ಅವರೆಕಾಯಿ, ಕೈಯಲ್ಲಿ ಕುಡುಗೋಲು.

"ಯಾರ್ರಮ್ಮಾ ನೀವು? ಅಮಾಸೆ ದಿನ ನನ್ ಹೊಲದಲ್ಲಿ ಏನ್ ಮಾಟ ಮಾಡ್ತಾ ಇದೀರಾ?"

ಆಗ ನನಗೆ ಹೊಳೆಯಿತು. ಅಮಾವಾಸ್ಯೆ, ಕುಂಕುಮ ಬಳಿದ ಕಲ್ಲು, ಚೆಲ್ಲಿದ ಅನ್ನ, ಅರ್ಥವಾಗದ ಕೂಗು. ಬೆಂಗಳೂರಿನ ಕಡೆಯವರು ಇದನ್ನು ಕಂಡರೆ ಬೇರೆ ಏನೆಂದುಕೊಳ್ಳಬೇಕು?

"ಮಾಟ ಅಲ್ರೀ ಯವ್ವಾ, ಚರಗ ಚೆಲ್ಲಾಕತ್ತೀವಿ" ಎಂದಳು ನನ್ನ ಗೆಳತಿ.

"ಅದ್ಯಾವ ಚರಗನೋ ನಂಗೊತ್ತಿಲ್ಲ. ನನ್ ಮೈದುನ ಕಳಿಸಿದ್ನಾ ನಿಮ್ನ? ಈ ಹೊಲದ್ ಮೇಲೆ ಅವನ ಕಣ್ಣು ಮೊದ್ಲಿಂದ್ಲೂ ಇದೆ."

ಉಳಿದವರು ಬುತ್ತಿ ಎತ್ತಿಕೊಂಡು ಓಡಲು ತಯಾರಾದರು. ನನಗೆ ಸಿಟ್ಟು ನೆತ್ತಿಗೇರಿತು. "ಮಾಟ ಮಾಡೋರು ಹೋಳಿಗಿ ಮಾಡ್ಕೊಂಡು ಬರ್ತಾರೇನ್ರೀ? ನಸುಕಿನಾಗ ಎದ್ದು ರೊಟ್ಟಿ ಬಡದು ರಟ್ಟಿ ಬಿದ್ದಾವ ನನ್ನವು" ಎಂದೆ.

ಆಕೆ ಕುಡುಗೋಲಿನ ತುದಿಯಲ್ಲಿ ಕಲ್ಲಿನ ಮುಂದಿದ್ದ ಕಡುಬನ್ನು ತೋರಿಸಿದಳು. "ಹಂಗಾದ್ರೆ ತಿನ್ನು ನೋಡೋಣ, ನನ್ ಕಣ್ಮುಂದೆ."

ತಿಂದೆ. ಆಕೆ ನೋಡುತ್ತ ನಿಂತಳು. ನಾನು ಸಾಯಲಿಲ್ಲ. "ನೀನೂ ತಿನ್ನು. ನೀನೂ" ಎಂದು ಒಬ್ಬೊಬ್ಬರಿಗೂ ಕುಡುಗೋಲು ತೋರಿಸಿದಳು. ನಾವೆಲ್ಲ ಸಾಲಾಗಿ ನಿಂತು ದೇವರಿಗಿಟ್ಟ ಎಡೆಯನ್ನು ಕಮಕ್ ಕಿಮಕ್ ಎನ್ನದೆ ತಿಂದೆವು. ಕೊನೆಗೆ ಆಕೆಯ ಮೂಗು ಅರಳಿತು.

"ಅದೇನದು, ಕಡ್ಲೇಕಾಯ್ ವಾಸ್ನೆ ಬರ್ತಾ ಇದೆ?"

"ಶೇಂಗಾ ಹೋಳಿಗೀರಿ" ಎಂದು ಒಂದು ಕೊಟ್ಟೆ. ಆಕೆ ನಿಧಾನವಾಗಿ ಅಗಿದು, "ಏಲಕ್ಕಿ ವಸಿ ಜಾಸ್ತಿ ಆಯ್ತು" ಎಂದಳು. ಇನ್ನೊಂದು ಕೇಳಿ ಇಸಿದುಕೊಂಡಳು. ಆಮೇಲೆ, "ಬಿಸಿಲಲ್ಲಿ ಯಾರಾದ್ರೂ ಊಟ ಮಾಡ್ತಾರಾ? ತೋಪಿಗೆ ಬನ್ನಿ" ಎಂದು ಮುಂದೆ ನಡೆದಳು.

ಹೊಲದ ತಲೆಗಿದ್ದ ಆ ತೋಪನ್ನು ನಾನು ಮೊದಲು ನೋಡಿದ್ದು ಹಾಗೆ. ನಾಲ್ಕಾರು ಮುದಿ ಹುಣಸೆ ಮರಗಳು, ಸುತ್ತ ಹೊಂಗೆ, ಕೆರೆಯ ನೀರಿಗೆ ಇಳಿಯುವ ಕಡೆ ಒಂದು ಅತ್ತಿ. ಹುಣಸೆಯ ನೆರಳಲ್ಲಿ ಕೂತರೆ ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಊಟದ ಮಧ್ಯೆ ಆಕೆಯೇ ಹೇಳಿದಳು: ಹೊಲವೂ ತೋಪೂ ತವರಿನವರು ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದು, ಹುಣಸೆ ಗಿಡಗಳನ್ನು ಆಕೆಯ ಅವ್ವ ತನ್ನ ಕೈಯಾರೆ ನೆಟ್ಟಿದ್ದು. "ನಮ್ಮವ್ವ ನಂಗೆ ಒಡವೆ ಹಾಕ್ಲಿಲ್ಲ, ಇದನ್ನ ಕೊಟ್ಳು" ಎಂದಳು. ಅಂದಿನಿಂದ ನಾನು ಆಕೆಯನ್ನು ದೊಡ್ಡವ್ವ ಎಂದು ಕರೆದೆ.

ನಾವು ಅಲ್ಲಿಗೆ ಹೋಗುವುದು ಎಳ್ಳಮಾಸಿಗೆ ನಿಲ್ಲಲಿಲ್ಲ. ಭಾನುವಾರ ಬಂದರೆ ಬೇಗ ಅಡುಗೆ ಮುಗಿಸಿ ಹೊರಟುಬಿಡುತ್ತಿದ್ದೆವು. ಚಪ್ಪಲಿ ಕೈಯಲ್ಲಿ ಹಿಡಿದು ಏರಿಯ ಮೇಲೆ ನಡೆದು, ಕೆರೆಯನ್ನು ಒಂದು ಸುತ್ತು ಹಾಕಿ ತೋಪಿಗೆ ಬಂದು ಕೂರುವುದು. "ಹೆಂಗಸ್ರಿಗೆ ಎಂಥಾ ವಾಕಿಂಗು?" ಎಂದು ಓಣಿಯ ಗಂಡಸರು ಮೂಗು ಮುರಿದರು. ನನ್ನ ಗಂಡ ಮಾತ್ರ ಬಾಗಿಲಲ್ಲಿ ನಿಂತು, "ಏನವಾ ಗೌಡಸಾನಿ, ಹೊಲಕ್ಕ ಹೊಂಟಿ?" ಎಂದು ಚುಡಾಯಿಸುತ್ತಿದ್ದ. "ಹೌದು, ನೀ ಕಾಗಿ ಕಾಯ್ಕೋತ ಕುಂದರು" ಎನ್ನುತ್ತಿದ್ದೆ.

ನಾಗರಪಂಚಮಿಗೆ ನಮ್ಮ ಕಡೆ ಜೋಕಾಲಿ ಕಟ್ಟದಿದ್ದರೆ ಹಬ್ಬವೇ ಅಲ್ಲ. ದೊಡ್ಡವ್ವನ ಬಾವಿಯ ಹಗ್ಗ ಬಿಚ್ಚಿಸಿ ದೊಡ್ಡ ಹುಣಸೆಯ ಕೊಂಬೆಗೆ ಕಟ್ಟಿದೆವು. ಆಕೆಯ ಊರಿನ ಹೆಂಗಸರು ಮೊದಲು ಏರಿಯ ಮೇಲೆ ನಿಂತು, ಇಷ್ಟು ದೊಡ್ಡವರು ಸೀರೆ ಕಚ್ಚೆ ಹಾಕಿಕೊಂಡು ಜೀಕುವುದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ಮರುವರ್ಷ ಅವರಲ್ಲಿ ಇಬ್ಬರು ಕೆಳಗಿಳಿದು ಬಂದರು. ಅದರ ಮರುವರ್ಷ ಜೋಕಾಲಿಗೆ ಸರದಿ ಬೇಕಾಯಿತು. ದೊಡ್ಡವ್ವನೂ ಒಂದು ಸಲ ಕೂತಳು. "ಸೊಂಟ ಹಿಡ್ಕೊಂಡ್ರೆ ನೀನೇ ಬಂದು ನೀವ್ಬೇಕು" ಎಂದು ನನಗೆ ಬೆರಳು ತೋರಿಸಿ ಕೂತವಳು, ಜೋಕಾಲಿ ಕೆರೆಯ ನೀರಿನ ಮೇಲಕ್ಕೆ ಹೋಗಿ ಬಂದಾಗ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಬೇಸಿಗೆಯಲ್ಲಿ ಎಳೆಯ ಹೊಂಗೆ ಸಸಿಗಳಿಗೆ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದೆವು. ಯಾರೂ ಹೇಳಿದ್ದಲ್ಲ. ಉಂಡ ನೆರಳಿಗೆ ಅಷ್ಟು ಮಾಡದಿದ್ದರೆ ಹೇಗೆ? ನಡೆದೂ ನಡೆದೂ ಕೆರೆಯ ಸುತ್ತ ಒಂದು ಕಾಲುದಾರಿ ಬಿತ್ತು. ಊರಿನವರು ಅದನ್ನು 'ರೊಟ್ಟಿಯವರ ದಾರಿ' ಎಂದು ಕರೆಯುತ್ತಾರೆಂದು ದೊಡ್ಡವ್ವ ಹೇಳಿದಾಗ ನಮಗೆ ಬಿರುದು ಸಿಕ್ಕಷ್ಟು ಹೆಮ್ಮೆಯಾಯಿತು.

ಪ್ರತಿ ಎಳ್ಳಮಾಸಿಗೂ ದೊಡ್ಡವ್ವ ನಮ್ಮ ಜೊತೆಗೇ ಚರಗ ಚೆಲ್ಲುತ್ತಿದ್ದಳು. ಕೂಗು ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ಚೆಲ್ತೀನಿ ಕಣಮ್ಮಾ, ಕೂಗು ಅನ್ಬೇಡ. ಆವತ್ತು ಅವರೆ ಸಾಲಲ್ಲಿ ಕೂತಿದ್ದಾಗ ಕೇಳಿದ್ದು, ಇವತ್ತಿಗೂ ಎದೆ ಝಲ್ ಅನ್ನುತ್ತೆ" ಎನ್ನುತ್ತಿದ್ದಳು.

ರಿಂಗ್ ರೋಡು ಬಂದ ಮೇಲೆ ಎಲ್ಲ ಬದಲಾಯಿತು. ಸುತ್ತಲ ಹೊಲಗಳಲ್ಲಿ ಕಲ್ಲು ನೆಟ್ಟರು, ಗಾಜಿನ ಕಟ್ಟಡಗಳು ಎದ್ದವು. ದೊಡ್ಡವ್ವನ ಇಬ್ಬರು ಗಂಡುಮಕ್ಕಳಿಗೆ ನಿದ್ದೆ ಹಾರಿಹೋಯಿತು. ಪಕ್ಕದವರು ಮಾರಿ ಕಾರು ತಂದರು, ನಾವು ಇನ್ನೂ ಅವರೆಕಾಯಿ ಬಿಡಿಸುತ್ತಿದ್ದೇವೆ ಎಂಬುದು ಅವರ ಅಳಲು. ಆದರೆ ಭೂಮಿ ಅವರ ಅಮ್ಮನ ಹೆಸರಿನಲ್ಲಿತ್ತು. ಆಕೆ ಸೈನ್ ಹಾಕದೆ ಒಂದು ಗುಂಟೆಯೂ ಅಲ್ಲಾಡುವ ಹಾಗಿರಲಿಲ್ಲ. "ಹೊಲ ಹೋದ್ರೆ ಹೋಗ್ಲಿ, ಈಗ ಬೆಳೆ ಇಡೋರು ಯಾರಿದಾರೆ? ತೋಪು ಕಡೀತಾರಲ್ಲ, ಅದು ನಂಗೆ ತಡ್ಕೊಳಕ್ಕಾಗಲ್ಲ" ಎಂದು ಒಂದು ಭಾನುವಾರ ನನ್ನ ಕೈ ಹಿಡಿದುಕೊಂಡು ಹೇಳಿದಳು. ಆ ತೋಪು ಹೋದರೆ ನನಗೆ ಬೆಂಗಳೂರಿನಲ್ಲಿ ಉಳಿಯುವುದೇನು? ಎರಡು ಕೋಣೆ ಮತ್ತು ಒಂದು ಗಚ್ಚು.

ಆ ವರ್ಷದ ಎಳ್ಳಮಾಸಿಯ ದಿನವೇ ಒಬ್ಬ ಕೊಳ್ಳುವವನು ಜಾಗ ನೋಡಲು ಬಂದ. ಹಿರಿಯ ಮಗ ಅವನನ್ನು ಕಾರಿನಿಂದ ಇಳಿಸಿಕೊಂಡು ತೋಪಿಗೆ ಕರೆತಂದ. ನಾವು ಆಗ ತಾನೆ ಕಲ್ಲಿಗೆ ಕುಂಕುಮ ಹಚ್ಚಿ ಕೂಗು ಶುರು ಮಾಡಿದ್ದೆವು. ಆತ ಹುಣಸೆಯ ಬುಡದಲ್ಲೇ ನಿಂತುಬಿಟ್ಟ. ಬಿಳಿ ಅಂಗಿ, ಬೆರಳ ತುಂಬ ಉಂಗುರ, ಕೊರಳಲ್ಲಿ ತಾಯಿತ.

"ಏನಿದು?" ಎಂದು ಮಗನನ್ನು ಕೇಳಿದ.

ಮಗ ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಎದ್ದು ಬಂದಳು. "ನಾನೇನೂ ಹೇಳಲ್ಲಪ್ಪಾ. ವರ್ಷಾ ವರ್ಷಾ ಇದೇ ಅಮಾಸೆಗೆ ಬರ್ತಾರೆ. ಎಲ್ಲಿಂದ್ಲೋ ಬರ್ತಾರೆ. ಇಲ್ಲೇ ಚೆಲ್ಬೇಕಂತೆ" ಎಂದಳು. ಒಂದು ಮಾತೂ ಸುಳ್ಳಲ್ಲ. ಹೇಳಿದ ರೀತಿ ಮಾತ್ರ ಹಾಗಿತ್ತು. ಆತ ಚೆಲ್ಲಿದ ಅನ್ನವನ್ನು ತುಳಿಯದ ಹಾಗೆ ಹೆಜ್ಜೆ ಹುಡುಕಿಕೊಂಡು ಕಾರು ಸೇರಿಕೊಂಡ.

ಮಗ ಕೂಗಾಡಿದ. "ನಮ್ ಮನೆ ಹಾಳ್ ಮಾಡಕ್ಕೆ ಬಂದಿದೀರಾ ನೀವು" ಎಂದು ನಮಗೂ ಅಂದ. ಅವನು ಹೋದ ಮೇಲೆ ದೊಡ್ಡವ್ವ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದು, ಮೈಯೆಲ್ಲ ಕುಲುಕುವ ಹಾಗೆ ನಕ್ಕಳು. ನನ್ನ ಬಿಜಾಪುರದ ಗೆಳತಿಗೆ ಅದು ಹಿಡಿಸಲಿಲ್ಲ. "ದೇವರ ಕೆಲಸ, ಅದನ್ನ ನಾಟಕ ಮಾಡಬಾರದು ಬಿಡ್ರಿ" ಎಂದಳು. ದೊಡ್ಡವ್ವ ನಗುವುದನ್ನು ನಿಲ್ಲಿಸಿ, "ನಾಟ್ಕ ಅಲ್ಲ ಕಣಮ್ಮಾ. ನಂಗೂ ಹಂಗೇ ಭಯ ಆಗಿತ್ತಲ್ಲ, ಅವ್ನಿಗೂ ಆಯ್ತು. ನಂಗೆ ಹೋಳಿಗೆ ಕೊಟ್ರಿ, ಅವ್ನು ನಿಂತ್ಕೊಂಡಿದ್ರೆ ಅವ್ನಿಗೂ ಕೊಡ್ತಿದ್ರಿ" ಎಂದಳು.

ತೋಪಿನ ಸುದ್ದಿ ಬ್ರೋಕರುಗಳ ಬಾಯಿಗೆ ಬಿತ್ತು. ಅದರಿಂದ ಕೆಲವು ವರ್ಷ ದಕ್ಕಿತು. ಆದರೆ ಎಲ್ಲರೂ ತಾಯಿತ ಕಟ್ಟಿಕೊಂಡವರೇ ಇರುತ್ತಾರೆಯೇ? ಒಬ್ಬ ಬಿಲ್ಡರ್ ಬಂದ. ಓದಿದವನು, ಮಾಟಗೀಟ ಎಂದರೆ ನಗುವವನು. ಸೈಟು ಎಲ್ಲಿ, ರಸ್ತೆ ಎಲ್ಲಿ, ಪಾರ್ಕು ಎಲ್ಲಿ ಎಂದು ನಕ್ಷೆ ಮಾಡಿಸಿಯೇ ತಂದಿದ್ದ. ತೋಪಿದ್ದ ಜಾಗ ರಸ್ತೆಯ ಬದಿಗೆ ಬರುತ್ತಿದ್ದುದರಿಂದ ಅಲ್ಲಿ ಸೈಟುಗಳು. ಪಾರ್ಕಿಗೆಂದು ಬಿಟ್ಟಿದ್ದು ಮೋರಿಯ ಪಕ್ಕದ ಒಂದು ಮೂಲೆ.

ದೊಡ್ಡವ್ವ ಸೈನ್ ಹಾಕಲಿಲ್ಲ. ಬೆಳಿಗ್ಗೆ ಎದ್ದು ತೋಪಿಗೆ ಹೋಗಿ ಕೂತರೆ ಸಂಜೆಗೆ ಮನೆ. ಹಿರಿಯ ಮಗ ಒಂದು ದಿನ ನಮ್ಮ ಮನೆಗೇ ಬಂದ.

"ಆಂಟಿ, ಅಮ್ಮ ನಿಮ್ ಮಾತು ಕೇಳ್ತಾರೆ. ಒಂದ್ ಮಾತು ಹೇಳಿ. ಮಕ್ಕಳ ಮುಖ ನೋಡಾದ್ರೂ ಸೈನ್ ಹಾಕ್ಲಿ."

"ಬೇಲಿನೇ ಎದ್ದು ಹೊಲ ಮೇಯಾಕ ಬಂದ್ರ ನಾ ಏನ್ ಹೇಳ್ಲಪಾ?" ಎಂದೆ. ಅವನ ಮುಖ ಸಣ್ಣಗಾಯಿತು. ಚಹಾ ಕೊಟ್ಟೆ, ಕುಡಿದ. ಕೆಟ್ಟವನೇನೂ ಅಲ್ಲ, ಎಲ್ಲರ ಹಾಗೆ ಬದುಕಬೇಕೆಂದು ಆಸೆಪಟ್ಟವನು. ಮರುದಿನ ನಾನು ತೋಪಿಗೆ ಹೋಗಿ ದೊಡ್ಡವ್ವನಿಗೆ ಎಲ್ಲ ಹೇಳಿದೆ. ನಕ್ಷೆಯಲ್ಲಿ ಪಾರ್ಕು ಎಲ್ಲಿದೆ ಎಂಬುದನ್ನೂ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದೆ.

"ಪಾರ್ಕು ಅಂದ್ರೆ ಅಲ್ಲಿ ಮನೆ ಕಟ್ಟಂಗಿಲ್ವಾ?"

"ಕಟ್ಟಂಗಿಲ್ರೀ. ಗಿಡಾ ಇರಬೇಕು, ಮಂದಿ ಅಡ್ಡ್ಯಾಡಬೇಕು, ಅಷ್ಟ."

"ಹಂಗಾದ್ರೆ ನಾವಿಷ್ಟ್ ದಿನ ಮಾಡಿದ್ದು ಅದೇ ಅಲ್ವಾ?" ಎಂದಳು. ಆಮೇಲೆ ಕಾಲಿನಿಂದ ನನ್ನ ಗೀರನ್ನು ಅಳಿಸಿ, "ಆ ಬಿಲ್ಡರ್‌ನ ಇಲ್ಲಿಗೇ ಕರ್ಸು" ಎಂದಳು.

ಅವನು ಬಂದ. ಹುಣಸೆಯ ಬೇರಿನ ಮೇಲೆ ಕೂತೇ ದೊಡ್ಡವ್ವ ಮಾತಾಡಿದಳು. "ಹೊಲ ನನ್ ಮಕ್ಳಿಗೆ. ಅಲ್ಲಿ ಏನಾದ್ರೂ ಕಟ್ಕೊಳ್ಳಿ. ತೋಪು ನಮ್ಮವ್ವಂದು. ಇದನ್ನ ಪಾರ್ಕು ಅಂತ ಬರೀರಿ, ಆ ಮೋರಿ ಪಕ್ಕದ ಮೂಲೇನ ಸೈಟ್ ಮಾಡ್ಕೊಳ್ಳಿ. ಹಂಗೆ ಬರೆದ್ರೆ ಸೈನ್ ಹಾಕ್ತೀನಿ. ಇಲ್ಲಾಂದ್ರೆ ನಾನು ಸತ್ಮೇಲೆ ಬನ್ನಿ." ಮಕ್ಕಳು ಅಮ್ಮನನ್ನೂ ಬಿಲ್ಡರನ್ನೂ ನೋಡಿದರು. ಬಿಲ್ಡರ್ ಗಡಿಯಾರ ನೋಡಿಕೊಂಡ. ತಿಂಗಳುಗಟ್ಟಲೆ ಎಳೆದಾಡಿ ಕೊನೆಗೆ ಹಾಗೇ ಬರೆದರು. ಸೈನ್ ಹಾಕಿದ ದಿನ ದೊಡ್ಡವ್ವ ಕಣ್ಣೀರು ಹಾಕಲಿಲ್ಲ, ಹೊಲದಲ್ಲಿ ಕೊನೆಯ ಅವರೆಕಾಯಿ ಬಿಡಿಸಿ ನಮಗೆಲ್ಲ ಒಂದೊಂದು ಚೀಲ ಕೊಟ್ಟಳು.

ಲೇಔಟ್ ಎದ್ದಿತು. ತೋಪಿನ ಸುತ್ತ ಕಬ್ಬಿಣದ ಬೇಲಿ, ಗೇಟು. ಅದರೊಳಗೆ ಹಾಯುವ ನಮ್ಮ ರೊಟ್ಟಿಯವರ ದಾರಿಯ ಮೇಲೆ ಕೆಂಪು ಇಟ್ಟಿಗೆ ಹಾಸಿದರು, ಒಂದು ತಿರುವನ್ನೂ ಬದಲಿಸಲಿಲ್ಲ. ಗೇಟಿನ ಪಕ್ಕದ ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರು, ಬಿಲ್ಡರ್ ಹೆಸರು, ದಾನಿಗಳೆಂದು ಇಬ್ಬರು ಗಂಡುಮಕ್ಕಳ ಹೆಸರು. ಅದನ್ನು ಓದಿ ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವಾ, ನಿಮ್ಮ ಹೆಸರೇ ಇಲ್ಲಲ್ರೀ" ಎಂದೆ. "ನಂಗೇನ್ ಓದಕ್ ಬರುತ್ತಾ, ಇದ್ದಿದ್ರೂ ಗೊತ್ತಾಗ್ತಿರ್ಲಿಲ್ಲ" ಎಂದುಬಿಟ್ಟಳು. ಆಕೆಗೆ ಸೈನ್ ಹಾಕುವಷ್ಟು ಅಕ್ಷರ ಬರುತ್ತಿತ್ತು. ತನ್ನ ಹೆಸರನ್ನು ಖಂಡಿತ ಓದಬಲ್ಲವಳಾಗಿದ್ದಳು.

ಆ ವರ್ಷದ ಎಳ್ಳಮಾಸಿಗೆ ನಾವು ಎಂದಿನಂತೆ ಬುತ್ತಿ ಹೊತ್ತು ಹೋದೆವು. ದೊಡ್ಡವ್ವನಿಗೆ ಆಗಲೇ ಮೊಣಕಾಲು ನೋವು, ನನ್ನ ಭುಜ ಹಿಡಿದು ನಡೆಯುತ್ತಿದ್ದಳು. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಒಳಗಡೆ ಊಟ ತಿಂಡಿ ತಗೊಂಡ್ ಹೋಗಂಗಿಲ್ಲ. ಬೋರ್ಡ್ ನೋಡಿ."

ನನ್ನ ನಾಲಿಗೆಯ ತುದಿಗೆ ಬಂದಿತ್ತು, ಈ ತೋಪು ಯಾರದು ಗೊತ್ತೇನೋ ಎಂದು. ದೊಡ್ಡವ್ವ ನನ್ನ ಭುಜವನ್ನು ಒತ್ತಿದಳು.

"ಏನಪ್ಪಾ, ಊಟ ಆಯ್ತಾ?" ಎಂದು ಅವನನ್ನು ಕೇಳಿದಳು.

"ಇನ್ನೂ ಇಲ್ಲ ಅಜ್ಜಿ."

ಆಕೆ ಬುತ್ತಿ ಬಿಚ್ಚಿಸಿ, ಅವನ ಕೈಗೆ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೊಂದು ಹೋಳಿಗೆ ಇಟ್ಟಳು. ಅವನು ಬೋರ್ಡನ್ನೂ ಹೋಳಿಗೆಯನ್ನೂ ನೋಡಿದ. "ಬೇಗ ಬಂದ್ಬಿಡಿ ಅಜ್ಜಿ, ಸಾಹೇಬ್ರು ನೋಡಿದ್ರೆ ನಂಗ್ ಬಯ್ತಾರೆ" ಎಂದು ಗೇಟು ಬಿಟ್ಟ.

ದೊಡ್ಡ ಹುಣಸೆಯ ಬುಡದಲ್ಲಿ ಕಲ್ಲಿಟ್ಟೆವು. ಸುತ್ತ ಶೂ ಹಾಕಿಕೊಂಡವರು ಕೈ ಬೀಸಿಕೊಂಡು ನಡೆಯುತ್ತಿದ್ದರು. ಅಷ್ಟು ಜನರ ಮುಂದೆ ನನಗೆ ಮೊದಲ ಸಲ ನಾಚಿಕೆಯಾಯಿತು. ಕೂಗದೆ, ಚರಗದ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದೆ.

ದೊಡ್ಡವ್ವ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಹಿಡಿ ತುಂಬ ಅನ್ನ ಎತ್ತಿ, ಮೊಣಕಾಲು ನೋವನ್ನು ಮರೆತು ನೆಟ್ಟಗೆ ನಿಂತು, ಆ ಪಾರ್ಕೆಲ್ಲ ತಿರುಗಿ ನೋಡುವ ಹಾಗೆ "ಹುಲ್ಲುಲ್ಲಿಗೋ" ಎಂದು ಕೂಗಿದಳು. ರಾಗ ತಪ್ಪಿತ್ತು. ಮತ್ತೆ ಕೂಗಿದಳು, ಚೆಲ್ಲಿದಳು. ಶೂನವರು ಕುಂಕುಮದ ಕಲ್ಲುಗಳನ್ನು ಕಂಡು ದಾರಿ ಬಿಟ್ಟು ದೂರದಿಂದ ಸುತ್ತಿಕೊಂಡು ಹೋದರು.

ಬುಟ್ಟಿ ಖಾಲಿಯಾದ ಮೇಲೆ ಆಕೆ ಹುಣಸೆಯ ಬೇರಿನ ಮೇಲೆ ಕೂತು, ಅವರು ಹೋದ ಕಡೆ ನೋಡಿ, ಜೋಕಾಲಿಯಲ್ಲಿ ಕೂತಿದ್ದಾಗಿನ ಅದೇ ನಗು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ ಇದನ್ನ ಯಾರೂ ಕೊಂಡ್ಕೊಳ್ಳಲ್ಲ ಬಿಡು" ಎಂದಳು.